ಹೊಸ ಫಿನಿಶ್, ಹಳೆ ತುಕ್ಕು: ಜೀಪಿನ ಸಸ್ಪೆನ್ಷನ್ ಬಣ್ಣ ಒಂದೇ ಮಳೆಗಾಲಕ್ಕೆ ಎದ್ದರೆ ಎಲ್ಲಿ ನೋಡಬೇಕು

ಕೈಲ್‌ಪೋಳ್ದ್‌ಗೆ ಇನ್ನೊಂದು ವಾರ ಇತ್ತು, ಕೋವಿ, ಆಯುಧಗಳಿಗೆ ಪೂಜೆ ಮಾಡುವ ಕೊಡಗಿನ ಹಬ್ಬ. ಕೋವಿ ಒರೆಸಿ ಎಣ್ಣೆ ಹಚ್ಚಿಟ್ಟಿದ್ದೆ. ಜೀಪನ್ನೂ ಒಂದು ಸಲ ತೊಳೆದುಬಿಡೋಣ ಅಂತ ಪೈಪ್ ಹಿಡಿದು ಹಿಂದಿನ ಚಕ್ರದ ಹತ್ತಿರ ಬಗ್ಗಿದೆ. ಬಗ್ಗಿದವನು ಹಾಗೇ ಕೂತುಬಿಟ್ಟೆ. ಫೆಬ್ರವರಿಯಲ್ಲಿ ಪೂರ್ತಿ ಬಿಚ್ಚಿ, ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು ಅಂತ ಹಟ ಹಿಡಿದು ಮಾಡಿದ್ದ ಸಸ್ಪೆನ್ಷನ್ ಅದು. ಕಮಾನು ಪಟ್ಟಿಗೆ (ಒಂದರ ಮೇಲೊಂದು ಜೋಡಿಸಿದ ಬಾಗಿದ ಸ್ಪ್ರಿಂಗ್ ಪಟ್ಟಿ) ತೆಳು ಕಪ್ಪು ಬಣ್ಣ, ಅದನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್‌ಗಳಿಗೆ ಕಡು ಬೂದು ಫಾಸ್ಫೇಟ್, ಸಣ್ಣ ನಟ್ಟು, ವಾಷರ್‌ಗಳಿಗೆ ಜಿಂಕ್. ಈಗ ನೋಡಿದರೆ ಬಲಗಡೆಯ ಹಿಂದಿನ ಕಮಾನಿನಲ್ಲಿ ಪಟ್ಟಿಗಳ ಸಂದಿನಿಂದ ಕೆಂಪು ನೀರು ಇಳಿದಿದೆ. ಬಣ್ಣ ಹಪ್ಪಳದ ಹಾಗೆ ಎದ್ದಿದೆ. ನಟ್ಟುಗಳ ಮೇಲೆ ಬಿಳಿ ಪುಡಿ, ಅದರ ಮಧ್ಯೆ ಅಲ್ಲಲ್ಲಿ ಕೆಂಚು ಚುಕ್ಕೆ.

ಮೊದಲು ಬಂದದ್ದು ಸಿಟ್ಟು. ಜಿಂಕ್ ಹಾಕಿಸಿದ್ದು ಮೈಸೂರಿನ ಒಂದು ಪ್ಲೇಟಿಂಗ್ ಅಂಗಡಿಯಲ್ಲಿ. ಅವರಿಗೆ ಫೋನ್ ಮಾಡಿ ಬೈಯಲು ನಂಬರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಪಕ್ಕದ ತೋಟದ ಮಾವ ಬಂದರು. ಬಗ್ಗಿ ನೋಡಿ, "ಆ ಕಡೆದು ಹೇಗುಂಟು?" ಅಂದರು. ಆ ಕಡೆ ಹೋಗಿ ನೋಡಿದೆ. ಎಡಗಡೆ ಕೆಸರು ಬಿಟ್ಟರೆ ಏನೂ ಇಲ್ಲ. ಮುಂದಿನ ಎರಡೂ ಪರವಾಗಿಲ್ಲ. ಒಂದೇ ದಿನ, ಒಂದೇ ಡಬ್ಬದ ಪೇಂಟು, ಒಂದೇ ಕೈ. ನಾಲ್ಕರಲ್ಲಿ ಕೆಟ್ಟಿದ್ದು ಒಂದೇ. ಫೋನ್ ಜೇಬಿಗೆ ಹಾಕಿದೆ.

ಆ ಒಂದು ಕಮಾನಿನ ಹಿಂದೆ ಬಿದ್ದು ಕಲಿತದ್ದನ್ನೂ, ಅದಕ್ಕೆ ಮೊದಲು ಬೇರೆ ಗಾಡಿಗಳಲ್ಲಿ ಕೈಸುಟ್ಟುಕೊಂಡು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತೊಳೆಯಬೇಡಿ, ಮೊದಲು ನೋಡಿ

ಎಲ್ಲರೂ ಮಾಡುವ ತಪ್ಪು ಒಂದೇ. ತುಕ್ಕು ಕಂಡ ತಕ್ಷಣ ವೈರ್ ಬ್ರಷ್ ತಗೊಂಡು ಉಜ್ಜುವುದು. ಅಲ್ಲಿಗೆ ಸಾಕ್ಷಿ ಹೋಯ್ತು. ನಲ್ಲಿ ನಿಲ್ಲಿಸಿ, ಫೋಟೋ ತೆಗೆಯಿರಿ. ನಾಲ್ಕೂ ಮೂಲೆ ಹೋಲಿಸಿ. ಎಷ್ಟು ಕೆಟ್ಟಿದೆ ಅನ್ನುವುದಕ್ಕಿಂತ ಎಲ್ಲಿಂದ ಶುರುವಾಗಿದೆ ಅನ್ನುವುದನ್ನು ನೋಡಿ.

ಅಂಚಿನಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಅಂಚು ಚೂಪಾಗಿ ಉಳಿದಿರುತ್ತದೆ. ಚೂಪಾದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಒಣಗುವಾಗ ಹಿಂದಕ್ಕೆ ಸರಿದು ತೆಳುವಾಗುತ್ತದೆ. ಸಂದಿಯಿಂದ ಶುರುವಾಗಿದ್ದರೆ ಅಲ್ಲಿ ನೀರು ಕೂತಿದೆ, ಇಲ್ಲವೇ ಎರಡು ಭಾಗ ಉಜ್ಜಾಡಿವೆ. ಬಯಲಿನ ಮಧ್ಯದಲ್ಲಿ ಗುಳ್ಳೆ ಎದ್ದಿದ್ದರೆ ಬಣ್ಣದ ಅಡಿಯಲ್ಲಿ ಏನೋ ಸಿಕ್ಕಿಕೊಂಡಿದೆ. ಉಪ್ಪು ಇರಬಹುದು, ಎಣ್ಣೆ ಇರಬಹುದು, ಬೆರಳಿನ ಬೆವರೂ ಇರಬಹುದು. ಎಲ್ಲಾ ಕಡೆ ಸಮನಾಗಿ ಮಂಕಾಗಿದ್ದರೆ ಬಣ್ಣ ಬಳಿದ ದಿನದ ಹವೆಯನ್ನು ಅನುಮಾನಿಸಿ. ಒಂದೇ ಕಡೆ ಮಾತ್ರ ಕೆಟ್ಟಿದ್ದರೆ ಬಣ್ಣವನ್ನು ಬಿಟ್ಟು ಆ ಕಡೆ ಏನು ಬಿದ್ದಿದೆ ಅಂತ ಯೋಚಿಸಿ. ನನ್ನ ಕೇಸು ಇದು. ಆದರೆ ಅದು ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು.

ಎದ್ದ ಬಣ್ಣದ ಬೆನ್ನು

ಎದ್ದ ಪೇಂಟಿನ ಒಂದು ಚೂರನ್ನು ಬ್ಲೇಡಿನಿಂದ ಮೆಲ್ಲಗೆ ಎತ್ತಿ. ತಿರುಗಿಸಿ ಅದರ ಬೆನ್ನು ನೋಡಿ. ಆಮೇಲೆ ಅದು ಕೂತಿದ್ದ ಜಾಗ ನೋಡಿ. ಎರಡನ್ನೂ ಒಟ್ಟಿಗೆ ಓದಬೇಕು.

ಬೆನ್ನು ಸ್ವಚ್ಛ, ಕೆಳಗಿನ ಕಬ್ಬಿಣ ಫಳಫಳ ಅಂತ ಇದ್ದರೆ ತುಕ್ಕು ಕಾರಣವೇ ಅಲ್ಲ. ಬಣ್ಣ ಹಿಡಿದೇ ಇಲ್ಲ. ಕಬ್ಬಿಣ ತೀರಾ ನುಣುಪಾಗಿತ್ತು ಅಥವಾ ಜಿಡ್ಡು ಇತ್ತು. ಜೀಪಿನ ಕಮಾನು ವರ್ಷಗಟ್ಟಲೆ ಗ್ರೀಸ್, ಡೀಸೆಲ್ ಕುಡಿದಿರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಹೋಗುವುದಿಲ್ಲ, ತೆಳುವಾಗಿ ಹರಡಿಕೊಳ್ಳುತ್ತದೆ, ಅಷ್ಟೇ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಸೋಪು ಹಾಕಿ ತೊಳೆದ ಭಾಗದ ಮೇಲೆ ಶುದ್ಧ ನೀರು ಸುರಿಯಿರಿ. ನೀರು ಹಾಳೆಯ ಹಾಗೆ ಹರಡಿ ನಿಂತರೆ ಸರಿ. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿಹನಿಯಾಗಿ ಉರುಳಿದರೆ ಜಿಡ್ಡು ಇನ್ನೂ ಇದೆ, ಮತ್ತೆ ತೊಳೆಯಿರಿ.

ಬೆನ್ನಿಗೆ ಕಂದು ಪುಡಿ ಅಂಟಿದ್ದು, ಕೆಳಗೂ ಅದೇ ಬಣ್ಣ ಇದ್ದರೆ ಬಣ್ಣ ಬಳಿಯುವ ಮೊದಲೇ ಅಲ್ಲಿ ತುಕ್ಕು ಹುಟ್ಟಿತ್ತು. ಕೊಡಗಿನಲ್ಲಿ ಇದು ತುಂಬಾ ಸಾಮಾನ್ಯ. ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸಿದ ಕಬ್ಬಿಣ ಹಸಿ ಗಾಯದ ಹಾಗೆ. ಕುಶಾಲನಗರದಲ್ಲಿ ಬೆಳಿಗ್ಗೆ ಬ್ಲಾಸ್ಟ್ ಮಾಡಿಸಿ, ಸಂಜೆ ಮಡಿಕೇರಿ ಮಂಜಿನಲ್ಲಿ ಮನೆಗೆ ತಂದು, ನಾಳೆ ಪ್ರೈಮರ್, ಅಂದರೆ ಬಣ್ಣದ ಅಡಿಯ ಕೋಟ್, ಹೊಡೆಯೋಣ ಅಂದರೆ ರಾತ್ರಿಯೇ ಅದಕ್ಕೆ ತೆಳು ಕಿತ್ತಳೆ ಬಣ್ಣ ಬಂದಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ.

ಮೂರನೆಯದು ಸ್ವಲ್ಪ ಮೋಸದ್ದು. ಕೆಳಗೆ ಪ್ರೈಮರ್ ಗಟ್ಟಿಯಾಗಿ ಕೂತಿದೆ, ಮೇಲಿನ ಕಪ್ಪು ಮಾತ್ರ ಎದ್ದಿದೆ. ಹಾಗಾದರೆ ಕಬ್ಬಿಣದ ಕೆಲಸ ಸರಿ ಇದೆ. ಎರಡು ಪದರದ ನಡುವೆ ಜಗಳ. ಎಪಾಕ್ಸಿ ಪ್ರೈಮರ್‌ಗೆ ಇಷ್ಟು ಗಂಟೆಯ ಒಳಗೆ ಮೇಲಿನ ಕೋಟ್ ಹಾಕಿ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅದು ಮೀರಿದರೆ ಎಮರಿ ಪೇಪರ್‌ನಲ್ಲಿ ಉಜ್ಜಿ ಗೀರು ಮಾಡಲೇಬೇಕು. ಕಾಫಿ ಕೊಯ್ಲಿನ ಮಧ್ಯೆ ಪ್ರೈಮರ್ ಹೊಡೆದು, ಹದಿನೈದು ದಿನ ಬಿಟ್ಟು ಕಪ್ಪು ಹೊಡೆದವರು ನನಗೆ ಇಬ್ಬರು ಗೊತ್ತು. ಒಬ್ಬ ನಾನೇ.

ನನ್ನ ಬಲಗಡೆ ಕಮಾನಿನ ಚೂರು ಈ ಮೂರಕ್ಕೂ ಹೊಂದಲಿಲ್ಲ. ಬೆನ್ನಿಗೆ ತುಕ್ಕು ಇತ್ತು, ನಿಜ. ಆದರೆ ಕೆಳಗಿನ ತುಕ್ಕು ಕಪ್ಪಾಗಿ, ಪದರ ಪದರವಾಗಿ, ಒದ್ದೆಯಾಗಿ ಇತ್ತು. ಅದರ ಒಳಗೆ ಎಲ್ಲೋ ಒಂದು ಕಡೆ ಸೂರ್ಯನಿಗೆ ಹಿಡಿದರೆ ಮಿಂಚುವ ಕೆಂಪು. ತುಕ್ಕಿನ ಕೆಂಪಲ್ಲ, ಬೇರೆ ಕೆಂಪು. ಆ ಹೊತ್ತಿಗೆ ಅದು ತಲೆಗೆ ಹೋಗಲಿಲ್ಲ.

ಬಿಳಿ ಪುಡಿ ಕಂಡರೆ ಹೆದರಬೇಡಿ, ಆದರೆ ಬಿಡಲೂ ಬೇಡಿ

ಜಿಂಕ್ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಅದರ ಕೆಲಸವೇ ಅದು. ಗಾಳಿ ಆಡದ ಜಾಗದಲ್ಲಿ ನೀರು ನಿಂತರೆ ಜಿಂಕ್ ಮೇಲೆ ಬಿಳಿ ಪುಡಿ ಏಳುತ್ತದೆ. ಹೊಸ ಬೋಲ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಳೆಗಾಲದಲ್ಲಿ ಅಟ್ಟದ ಮೇಲೆ ಇಟ್ಟರೂ ಏಳುತ್ತದೆ. ಬಿಳಿ ಪುಡಿ ಅಂದರೆ ಪ್ಲೇಟಿಂಗ್ ಸತ್ತಿದೆ ಅಂತಲ್ಲ, ಅದು ಸವೆಯುತ್ತಾ ಇದೆ ಅಂತ. ಕೆಂಪು ಬಂದರೆ ಮಾತ್ರ ಅಲ್ಲಿ ಜಿಂಕ್ ಮುಗಿಯಿತು.

ಈ ಸಣ್ಣ ಸಾಮಾನುಗಳ ಮೇಲೆ ಜಿಂಕ್ ದಪ್ಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್, ಅಷ್ಟೇ. ಅದರ ಮೇಲಿನ ಹಳದಿ ಅಥವಾ ನೀಲಿ ಛಾಯೆಯ ರಕ್ಷಣಾ ಪದರ, ಪ್ಯಾಸಿವೇಶನ್, ಇನ್ನೂ ತೆಳು. ಆದರೆ ಬಿಳಿ ಪುಡಿಯನ್ನು ತಡೆಯುವುದು ಆ ತೆಳು ಪದರವೇ.

ಜಿಂಕ್ ಉಳಿದಿದೆಯಾ ಇಲ್ಲವಾ ಅಂತ ನೋಡುವ ಪರೀಕ್ಷೆ ನಮ್ಮ ಕಾಫಿ ತೋಟದಲ್ಲೇ ಇದೆ. ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಗಿಡದ ಮದ್ದು, ಕಲಸುವವರಿಗೆಲ್ಲ ಗೊತ್ತು. ಮೈಲುತುತ್ತಕ್ಕೆ ಸುಣ್ಣ ಸಾಕಾಗಿದೆಯಾ ಅಂತ ನೋಡಲು ಮಸೆದ ಕತ್ತಿಯನ್ನು ಅದರಲ್ಲಿ ಅದ್ದುತ್ತೇವೆ. ಕತ್ತಿಗೆ ಕೆಂಪು ಬಣ್ಣ ಅಂಟಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಹಾಕಿ ಅಂತ ಅರ್ಥ. ಅದೇ ವಿದ್ಯೆ ಇಲ್ಲೂ ನಡೆಯುತ್ತದೆ. ಒಂದು ಚಿಟಿಕೆ ಮೈಲುತುತ್ತವನ್ನು ಪ್ಲಾಸ್ಟಿಕ್ ಲೋಟದಲ್ಲಿ ಸ್ವಲ್ಪ ನೀರಿಗೆ ಹಾಕಿ ಕರಗಿಸಿ. ನಟ್ಟಿನ ಮೇಲಿನ ಬಿಳಿ ಪುಡಿ ಒರೆಸಿ, ಒಂದು ಹನಿ ಬಿಡಿ. ಜಿಂಕ್ ಇದ್ದರೆ ಹನಿಯ ಕೆಳಗೆ ಕಪ್ಪಾಗುತ್ತದೆ. ಜಿಂಕ್ ಹೋಗಿ ಬರೀ ಕಬ್ಬಿಣ ಇದ್ದರೆ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗಾಗುತ್ತದೆ. ಕೈಗೆ ಗ್ಲೌಸ್ ಹಾಕಿ, ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ. ಪರೀಕ್ಷೆ ಮಾಡಿದ ನಟ್ಟನ್ನು ಮತ್ತೆ ಗಾಡಿಗೆ ಹಾಕಬೇಡಿ.

ಎಡಗಡೆಯ ಒಂದು ನಟ್ಟು ಬಿಚ್ಚಿ ಹನಿ ಬಿಟ್ಟೆ. ಕಪ್ಪು. ಅಂದರೆ ಪ್ಲೇಟಿಂಗ್ ಅಂಗಡಿಯವರು ಕೆಲಸ ಸರಿಯಾಗಿ ಮಾಡಿದ್ದಾರೆ. ಬಲಗಡೆಯ ನಟ್ಟು ಬಿಚ್ಚಿದೆ. ಹನಿ ಬಿಡುವ ಮೊದಲೇ ಕೈ ನಿಂತಿತು. ಅದರ ಮೂಲೆಯಲ್ಲಿ ಆಗಲೇ ಕೆಂಪು ಮಿಂಚು ಇತ್ತು. ಪರೀಕ್ಷೆ ಮಾಡಿ ಮುಗಿಸಿದ ನಟ್ಟಿನ ಹಾಗೇ ಕಾಣುತ್ತಿತ್ತು.

ಡ್ರಮ್ಮು ಕೂರುತ್ತಿದ್ದ ಮೂಲೆ

ಆಗ ನೆನಪಾಯಿತು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಅರೇಬಿಕಾಕ್ಕೂ ಮೆಣಸಿನ ಬಳ್ಳಿಗೂ ಬೋರ್ಡೋ ಹೊಡೆಸಿದ್ದೆವು. ಕರಗಿಸಿದ ಮೈಲುತುತ್ತದ ಪ್ಲಾಸ್ಟಿಕ್ ಡ್ರಮ್ಮನ್ನು ಮೇಲಿನ ತೋಟಕ್ಕೆ ಜೀಪಿನಲ್ಲೇ ಸಾಗಿಸಿದ್ದು. ಏರಿನಲ್ಲಿ ಜಾರಬಾರದು ಅಂತ ಹಿಂದೆ ಬಲಗಡೆ ಮೂಲೆಗೆ ಕಟ್ಟುತ್ತಿದ್ದರು. ಮುಚ್ಚಳ ಸರಿ ಕೂರುತ್ತಿರಲಿಲ್ಲ. ಅಲ್ಲೇ ಫ್ಲೋರಿನಲ್ಲಿ ಬೋಲ್ಟಿನ ಒಂದು ತೂತು ಖಾಲಿ ಇತ್ತು. ಸರಿಯಾಗಿ ಕಮಾನಿನ ನೆತ್ತಿಗೆ.

ಎಲೆಯ ತುಕ್ಕು ರೋಗಕ್ಕೆ ಅಂತ ಕಲಸಿದ ಮದ್ದು ಜೀಪಿಗೆ ತುಕ್ಕು ತಂದಿತ್ತು. ಮಾವನಿಗೆ ಹೇಳಿದರೆ ಅರ್ಧ ಗಂಟೆ ನಕ್ಕರು.

ಆದದ್ದು ಇಷ್ಟು. ತಾಮ್ರದ ನೀರು ಪಟ್ಟಿಗಳ ಸಂದಿಗೆ ಇಳಿದು, ಬಣ್ಣ ಇಲ್ಲದ ಕಬ್ಬಿಣದ ಮೇಲೆ ಸಣ್ಣ ಸಣ್ಣ ತಾಮ್ರದ ಚುಕ್ಕೆಗಳಾಗಿ ಕೂತಿದೆ. ಒದ್ದೆಯಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡಿದ್ದರೆ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ಸವೆಯುವುದು ಕಬ್ಬಿಣ. ಜಿಂಕ್ ಇದ್ದರೆ ಅದು ಇನ್ನೂ ಬೇಗ ಸವೆಯುತ್ತದೆ. ಮೂರು ತಿಂಗಳ ಮಳೆಯಲ್ಲಿ ಸಂದಿ ಒಂದು ದಿನವೂ ಒಣಗಿಲ್ಲ. ಬಣ್ಣ ಕೆಳಗಿನಿಂದ ಎದ್ದು ಬಂತು.

ತೋಟದ ಜೀಪಿಗೆ ಇನ್ನೊಂದು ಶತ್ರು ಪೊಟ್ಯಾಷ್ ಗೊಬ್ಬರ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ಅಣ್ಣ. ಚೀಲ ಹರಿದು ಒಂದು ಹಿಡಿ ಚೆಲ್ಲಿದರೂ ಸಾಕು, ಸಮುದ್ರದ ದಂಡೆಯಲ್ಲಿ ಗಾಡಿ ನಿಲ್ಲಿಸಿದ ಹಾಗೆ. ಸುಣ್ಣವೂ ಜಿಂಕ್‌ಗೆ ಆಗದು. ಮಳೆ ಬಂದರೆ ತೊಳೆದು ಹೋಗುತ್ತದೆ ಅಂದುಕೊಳ್ಳುತ್ತೇವೆ. ಮಳೆ ಮೇಲೆ ತೊಳೆಯುತ್ತದೆ, ಸಂದಿಗೆ ಕರಗಿಸಿ ಕಳಿಸುತ್ತದೆ.

ಇಂಥದ್ದು ಇದೆಯಾ ಅಂತ ನೋಡಲು ಮನೆಯ ನೀರಿನ ಫಿಲ್ಟರ್‌ಗೆ ಬಳಸುವ ಟಿಡಿಎಸ್ ಮೀಟರ್ ಸಾಕು, ನೀರಿನಲ್ಲಿ ಕರಗಿದ ಉಪ್ಪಿನಂಥವನ್ನು ಅಳೆಯುವುದು ಅದು. ಶುದ್ಧ ಮಳೆನೀರು ಒಂದು ಲೋಟ ತಗೊಂಡು ಅಳೆಯಿರಿ. ಅದೇ ನೀರನ್ನು ಕೆಟ್ಟ ಸಂದಿಯ ಮೇಲೆ ಮೆಲ್ಲಗೆ ಸುರಿದು ಕೆಳಗೆ ಹಿಡಿದು ಮತ್ತೆ ಅಳೆಯಿರಿ. ಚೆನ್ನಾಗಿರುವ ಕಡೆಯೂ ಹಾಗೇ ಮಾಡಿ. ಕೆಸರಿನಿಂದಲೂ ಅಂಕೆ ಸ್ವಲ್ಪ ಏರುತ್ತದೆ, ಆದ್ದರಿಂದ ಹೋಲಿಕೆ ಮುಖ್ಯ. ನನ್ನ ಜೀಪಿನ ಬಲಗಡೆಯ ನೀರು ಎಡಗಡೆಯದರ ಐದು ಪಟ್ಟು ತೋರಿಸಿತು.

ಆದರೆ ಸಂದಿಗೆ ಬಣ್ಣ ಯಾಕೆ ಇರಲಿಲ್ಲ?

ಗೆಳೆಯ ಕೇಳಿದ ಪ್ರಶ್ನೆ ಇದು. "ಪೌಡರ್ ಕೋಟಿಂಗ್ ಮಾಡಿಸಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ?" ಅಂದ. ಅವನು ತನ್ನ ಜೀಪಿಗೆ ಒಂದೊಂದು ಪಟ್ಟಿಯನ್ನೂ ಬೇರೆ ಮಾಡಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸುವುದು) ಮಾಡಿಸಿದವನು. ಶೋರೂಮಿನಿಂದ ಇಳಿದ ಹಾಗೆ ಹೊಳೆಯುತ್ತಿತ್ತು. ಎರಡನೇ ಮಳೆಗಾಲಕ್ಕೆ ಅವನದೂ ಬಿಚ್ಚಬೇಕಾಯಿತು.

ಕಮಾನು ಅಂದರೆ ಉಜ್ಜಾಡುವ ವಸ್ತು. ಗಾಡಿ ಒಂದು ಗುಂಡಿಗೆ ಇಳಿದರೆ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಪೌಡರ್ ಕೋಟಿಂಗ್ 60ರಿಂದ 100 ಮೈಕ್ರಾನ್ ದಪ್ಪ ಬರುತ್ತದೆ. ಎರಡೂ ಮುಖ ಸೇರಿದರೆ ಅದರ ಎರಡು ಪಟ್ಟು. ಜಾರಿ ಜಾರಿ ಅದು ತುದಿಗಳಲ್ಲಿ ಒಡೆಯುತ್ತದೆ. ಒಡೆದ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಮೇಲಿನಿಂದ ನೋಡಿದರೆ ಹೊಳಪು, ಒಳಗೆ ತುಕ್ಕು.

ಇನ್ನೂ ದೊಡ್ಡ ತೊಂದರೆ ಯು ಬೋಲ್ಟ್ ಹತ್ತಿರ. ಬಿಗಿದ ಜಾಗದಲ್ಲಿ ದಪ್ಪ ಕೋಟಿಂಗ್ ಇದ್ದರೆ ಅದು ಒತ್ತಡಕ್ಕೆ ನಿಧಾನವಾಗಿ ಹಿಂಡಿ ಹೋಗುತ್ತದೆ. ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಸಡಿಲವಾದರೆ ಭಾರ ಎಲ್ಲಾ ಪಟ್ಟಿಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ಮೇಲೆ ಬೀಳುತ್ತದೆ. ಅದು ಕತ್ತರಿಸಿದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಭಾಗಮಂಡಲದ ಇಳಿಜಾರಿನಲ್ಲಿ ಅದು ಆಗುವುದನ್ನು ಊಹಿಸಿ. ಆದ್ದರಿಂದ ಫಿನಿಶ್ ಯಾವುದೇ ಇರಲಿ, ಯು ಬೋಲ್ಟನ್ನು ಮೊದಲ 50 ಕಿಲೋಮೀಟರ್‌ಗೆ ಒಮ್ಮೆ, 500 ಆದಾಗ ಇನ್ನೊಮ್ಮೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಾಕಿ ನೋಡಿ. ಪದೇ ಪದೇ ಸಡಿಲ ಸಿಕ್ಕರೆ ಬೋಲ್ಟನ್ನು ಬೈಯಬೇಡಿ, ಬಿಚ್ಚಿ ಕೆಳಗಿನ ಬಣ್ಣದ ದಪ್ಪ ನೋಡಿ.

ಈ ಹಳೆ ಜೀಪುಗಳ ಕಾಲದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಜೋಡಿಸಿದ ಕಮಾನಿಗೆ ಹೊರಗಿನಿಂದ ತೆಳುವಾಗಿ ಕಪ್ಪು ಬಣ್ಣ ಕೊಡುತ್ತಿದ್ದರು. ಸಂದಿಯನ್ನು ಕಾಯುವುದು ಬಣ್ಣದ ಕೆಲಸ ಆಗಿರಲಿಲ್ಲ. ಅದು ಗ್ರೀಸ್, ಎಣ್ಣೆಯ ಕೆಲಸ. ನಾನು ಫ್ಯಾಕ್ಟರಿ ಫಿನಿಶ್ ಅಂತ ಬಣ್ಣವನ್ನು ಮಾತ್ರ ನಕಲು ಮಾಡಿದ್ದೆ. ಎಣ್ಣೆ ಹಚ್ಚದೆ ಬಿಟ್ಟಿದ್ದೆ, ಫೋಟೋದಲ್ಲಿ ಒಣಗಿದ ಕಪ್ಪು ಚೆನ್ನಾಗಿ ಕಾಣುತ್ತದೆ ಅಂತ. ಅಲ್ಲಿಗೆ ಅರ್ಧ ತಪ್ಪು ಡ್ರಮ್ಮಿನದು, ಅರ್ಧ ನನ್ನದು.

ಫಾಸ್ಫೇಟ್ ಕಥೆಯೂ ಇದೇ. ಬೂದು ಬಣ್ಣದ ಆ ಪದರ ಸ್ಪಂಜಿನ ಹಾಗೆ ತೂತುತೂತು. ಅದು ಎಣ್ಣೆ ಹಿಡಿದುಕೊಳ್ಳಲು ಇರುವುದು. ಎಣ್ಣೆ ಒಣಗಿದರೆ ಕೆಲವೇ ದಿನದಲ್ಲಿ ಕೆಂಪು ಬರುತ್ತದೆ. ಕೋವಿಗಳಿಗೂ ಈ ಫಿನಿಶ್ ಕೊಡುತ್ತಾರೆ. ಕೋವಿಗೆ ವರ್ಷಕ್ಕೆ ನಾಲ್ಕು ಸಲ ಎಣ್ಣೆ ಹಚ್ಚುವ ನಾವು ಬೋಲ್ಟಿಗೆ ಒಂದು ಸಲವೂ ಹಚ್ಚುವುದಿಲ್ಲ.

ಮೂಲ ಫಿನಿಶ್ ಯಾವುದು ಅಂತ ಗಾಡಿಯನ್ನೇ ಕೇಳಿ

ಯಾರೋ ಹೇಳಿದರು ಅಂತ ಬಣ್ಣ ಆರಿಸಬೇಡಿ. ಗಾಳಿ, ಕಲ್ಲು, ವೈರ್ ಬ್ರಷ್ ಮುಟ್ಟದ ಜಾಗ ಹುಡುಕಿ. ಯು ಬೋಲ್ಟ್ ಪ್ಲೇಟಿನ ಅಡಿ, ರಬ್ಬರ್ ಬಂಪ್ ಸ್ಟಾಪ್ ಕೂರುವ ಜಾಗ, ಶಾಕ್ ಅಬ್ಸಾರ್ಬರ್ ವಾಷರಿನ ಒಳಮುಖ, ಕಮಾನು ಕ್ಲಿಪ್ಪಿನ ಕೆಳಗೆ. ಹಳೆಯ ಗ್ರೀಸ್ ಗಟ್ಟಿಯಾಗಿ ಕೂತಿದ್ದರೆ ಅದೃಷ್ಟ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಪದರ ಪದರವಾಗಿ ಬಿಡಿಸಿ. ನನ್ನ ಜೀಪಿನ ಒಂದು ವಾಷರ್ ಅಡಿಯಲ್ಲಿ ಮಾಸಿದ ಚಿನ್ನದ ಬಣ್ಣ ಸಿಕ್ಕಿತು, ಉಗುರಿನಷ್ಟು ಜಾಗ. ಅಷ್ಟಕ್ಕೆ ಒಂದು ಭಾನುವಾರ ಹೋಯಿತು. ಹೋಗಲಿ.

ಹಳೆ ಬೋಲ್ಟಿನ ಮೇಲೆ ಬೆಳ್ಳಿಯಂಥ ಮಂದ ಬಿಳುಪು ಕಂಡರೆ ಕ್ಯಾಡ್ಮಿಯಂ ಇರಬಹುದು. ಅದರ ಪುಡಿ, ಹೊಗೆ ಎರಡೂ ವಿಷ. ಗ್ರೈಂಡರ್ ಹಾಕಬೇಡಿ, ಬೆಂಕಿ ತೋರಿಸಬೇಡಿ. ಅದೇ ನೋಟ ಬೇಕಾದರೆ ಬಣ್ಣವಿಲ್ಲದ ಜಿಂಕ್ ಹಾಕಿಸಿ.

ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಹಳೆಯ ಅಂಬಾಸಿಡರ್ ಮುಂದೆ ಇರುವುದು ಟಾರ್ಷನ್ ಬಾರ್, ತಿರುಚಿಕೊಳ್ಳುವ ಉದ್ದನೆಯ ಸರಳು. ಅದರ ಮೇಲಿನ ಬಣ್ಣ ಅಂದಕ್ಕಲ್ಲ. ಒಂದು ಗೀರು, ಒಂದು ತುಕ್ಕಿನ ಗುಳಿ ಸಾಕು, ಅಲ್ಲಿಂದಲೇ ಮುರಿಯುತ್ತದೆ. ಉಳಿ, ಗ್ರೈಂಡರ್ ಹತ್ತಿರಕ್ಕೂ ತರಬೇಡಿ. ಎಡದ್ದು ಬಲಕ್ಕೆ ಹಾಕಬೇಡಿ.

ಬೋಲ್ಟ್ ತಾನಾಗಿ ಮುರಿದರೆ

ಇದು ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಹೊಸ ಪ್ಲೇಟಿಂಗ್ ಹಾಕಿಸಿದ ಗಟ್ಟಿ ಬೋಲ್ಟ್ ಬಿಗಿದು ಬಿಟ್ಟ ಮೇಲೆ, ಗಾಡಿ ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದಾಗ ಟಪ್ ಅಂತ ತಲೆ ಹಾರುತ್ತದೆ. ಮುರಿದ ಜಾಗ ನೋಡಿದರೆ ಎಳೆದು ಸಣ್ಣಗಾದ ಗುರುತೇ ಇಲ್ಲ, ಸಕ್ಕರೆ ಮುರಿದ ಹಾಗೆ ಕಾಳುಕಾಳು. ಆಸಿಡ್ಡಿನಲ್ಲಿ ಅದ್ದಿದಾಗ, ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಕಬ್ಬಿಣದ ಒಳಗೆ ಸೇರಿಕೊಂಡಿರುತ್ತದೆ. ಮೆತ್ತನೆ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನದ ಅಂಕೆ ಇರುತ್ತದೆ, 8.8 ಅಂತ ಇದ್ದರೆ ಅಷ್ಟು ಭಯ ಇಲ್ಲ. 10.9ಕ್ಕೆ ಎಚ್ಚರ ಬೇಕು. 12.9, ಕಮಾನು ಪಟ್ಟಿ, ಕಾಯಿಲ್ ಸ್ಪ್ರಿಂಗ್, ಇವಕ್ಕೆ ನಿಜವಾದ ಅಪಾಯ.

ಪರಿಹಾರ ಪ್ಲೇಟಿಂಗ್ ಆದ ನಾಲ್ಕು ಗಂಟೆಯ ಒಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಹಳದಿ ಪ್ಯಾಸಿವೇಶನ್ ಕೊಡುವುದು ಆಮೇಲೆ. ಉಲ್ಟಾ ಮಾಡಿದರೆ ಹಳದಿ ಪದರ ಬಿಸಿಗೆ ಬಿರಿದು ಹೋಗುತ್ತದೆ. ಹಳದಿ ಮಂಕಾಗಿ ಬೇಗ ಬಿಳಿ ಪುಡಿ ಬಂದಿದ್ದರೆ ಈ ಕ್ರಮ ತಪ್ಪಿರಬಹುದು, ಕೇಳಿ ನೋಡಿ. ಸ್ಪ್ರಿಂಗ್‌ಗಳನ್ನಂತೂ ಪ್ಲೇಟಿಂಗ್‌ಗೆ ಕೊಡಲೇಬೇಡಿ.

ಮನೆಯಲ್ಲಿ ತುಕ್ಕು ತೆಗೆಯುವವರಿಗೂ ಇದೇ ಎಚ್ಚರ. ನಮ್ಮಲ್ಲಿ ಒಬ್ಬರು ಕಾಚಂಪುಳಿಯಲ್ಲಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ತುಕ್ಕು ಬಿಡುತ್ತದೆ ಅಂತ ಕಮಾನು ಪಟ್ಟಿಯನ್ನು ಅದರಲ್ಲಿ ನೆನೆಹಾಕಲು ಹೊರಟಿದ್ದರು. ಹುಳಿ ಅಲ್ವಾ, ತುಕ್ಕು ಬಿಡುತ್ತದೆ, ನಿಜ. ಆದರೆ ಹುಳಿ ಅಂದರೆ ಆಸಿಡ್ಡೇ. ಕಾಚಂಪುಳಿ ಪಂದಿಕರಿಗೆ ಇರಲಿ. ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟಿನಲ್ಲಿ ತುಕ್ಕು ತೆಗೆಯುವ ವಿಧಾನವೂ ಸ್ಪ್ರಿಂಗ್‌ಗೆ ಬೇಡ, ಅಲ್ಲಿ ಹೈಡ್ರೋಜನ್ ಹುಟ್ಟುವುದು ನಿಮ್ಮ ಭಾಗದ ಮೇಲೇ. ಬ್ರಾಕೆಟ್, ಪ್ಲೇಟ್ ಥರದ ಮೆತ್ತನೆ ಕಬ್ಬಿಣಕ್ಕೆ ನಾನು ಕಾಕಂಬಿ ಬಳಸುತ್ತೇನೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದೆರಡು ವಾರ. ನಾತಕ್ಕೆ ಮನೆಯವರು ಬೈಯುತ್ತಾರೆ, ಕಬ್ಬಿಣ ಮಾತ್ರ ಚೆನ್ನಾಗಿ ಬರುತ್ತದೆ.

ಶಾಕ್ ಅಬ್ಸಾರ್ಬರನ್ನು ಪೌಡರ್ ಕೋಟಿಂಗ್ ಓವನ್ನಿಗೆ ಹಾಕಬೇಡಿ. ಒಳಗೆ ಎಣ್ಣೆ ಇದೆ, ಸೀಲ್ ಇದೆ. 180 ಡಿಗ್ರಿಗೆ ಸೀಲ್ ಸುಟ್ಟು ಹೋಗುತ್ತದೆ, ಸಿಡಿಯಲೂಬಹುದು.

ಬಣ್ಣ ಹೊಡೆಯುವ ದಿನ

ಕಪ್ಪು ಹೊಡೆದ ಅರ್ಧ ಗಂಟೆಗೆ ಮೇಲೆ ಹಾಲಿನ ಹಾಗೆ ಬಿಳಿ ಮುಸುಕು ಬಂದರೆ ಪೇಂಟು ಕೆಟ್ಟದ್ದಲ್ಲ, ದಿನ ಕೆಟ್ಟದ್ದು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನಲ್ಲಿ ಇದು ಜಾಸ್ತಿ. ಥಿನ್ನರ್ ಆರುವಾಗ ಕಬ್ಬಿಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಬ್ಬನಿಯಾಗುತ್ತದೆ. ಗಾಳಿಯ ತೇವ ಶೇಕಡಾ 85 ದಾಟಿದ್ದರೆ ಗನ್ ಮುಟ್ಟಬೇಡಿ. ಕಬ್ಬಿಣದ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಮೇಲಿರಬೇಕು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಥ ದಿನ ಹುಡುಕುವುದೇ ಕಷ್ಟ.

ನನ್ನ ಲೆಕ್ಕ ಸರಳ. ಕಣದಲ್ಲಿ ಕಾಫಿ ಒಣಗುವ ದಿನ ಪೇಂಟೂ ಒಣಗುತ್ತದೆ. ಜನವರಿ, ಫೆಬ್ರವರಿ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರು. ಭಾಗಗಳನ್ನು ಕಣದಲ್ಲಿ ಒಂದು ಗಂಟೆ ಬಿಸಿಲಿಗೆ ಇಟ್ಟು, ಮುಟ್ಟಿದರೆ ಬೆಚ್ಚಗಿರುವಾಗ ಹೊಡೆಯುತ್ತೇನೆ. ಕಾಫಿ ಹೂ ಅರಳಿಸುವ ಹೂ ಮಳೆ ಬರುವ ಮೊದಲು ಮುಗಿಸುತ್ತೇನೆ.

ಮತ್ತೆ ಮಾಡಿದ್ದು

ಬಲಗಡೆ ಕಮಾನು ಇಳಿಸಿದೆ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡು ಕಡೆ ಸಿ ಕ್ಲಾಂಪ್ ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಪಟ್ಟಿಗಳು ಹಾರಿ ಮುಖಕ್ಕೆ ಬರುತ್ತವೆ. ನನ್ನ ಜೀಪಿನದು ಹಳೆಯ ಥರದ ಯು ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ), ಬುಶ್ ಥ್ರೆಡ್ ಮೇಲೆ ಕೂರುತ್ತದೆ. ಅದರಲ್ಲಿ ಕೆಲವು ತುದಿಗಳು ಎಡ ಥ್ರೆಡ್. ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ತಿರುಗಿಸಿದರೆ ಶ್ಯಾಕಲ್ ಹೋಗುತ್ತದೆ. ಆ ಥ್ರೆಡ್‌ಗೆ ಬಣ್ಣವೂ ಬೇಡ, ಪ್ಲೇಟಿಂಗೂ ಬೇಡ, ಗ್ರೀಸ್ ಮಾತ್ರ.

ಪಟ್ಟಿಗಳನ್ನು ಮಳೆನೀರಿನಲ್ಲಿ ತೊಳೆದು, ಟಿಡಿಎಸ್ ಇಳಿಯುವ ತನಕ ಮತ್ತೆ ತೊಳೆದೆ. ತಾಮ್ರದ ಚುಕ್ಕೆಗಳನ್ನು ಕೈಯಲ್ಲೇ ಎಮರಿ ಹಿಡಿದು ಉದ್ದುದ್ದಕ್ಕೆ ಉಜ್ಜಿದೆ. ಅಡ್ಡ ಉಜ್ಜಿದರೆ ಆ ಗೀರೇ ಮುಂದೆ ಬಿರುಕಿಗೆ ದಾರಿ. ಎರಡನೇ ಪಟ್ಟಿಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇತ್ತು. ಅದನ್ನು ತೆಗೆದಿಟ್ಟು ಬೇರೆ ಪಟ್ಟಿ ಹಾಕಿದೆ. ಮಳೆ ಬಿಡುವ ತನಕ ಬಣ್ಣ ಇಲ್ಲದೆ, ಬರೀ ಗ್ರೀಸ್ ಬಳಿದು ಓಡಿಸಿದೆ. ಜನವರಿಯಲ್ಲಿ ಸಂದಿಗೆ ಗ್ರಾಫೈಟ್ ಗ್ರೀಸ್ ತೆಳುವಾಗಿ ಹಚ್ಚಿ, ಜೋಡಿಸಿ, ಹೊರಗಿನ ಗ್ರೀಸನ್ನು ಚೆನ್ನಾಗಿ ಒರೆಸಿ ತೊಳೆದು, ಹೊರಗಿನಿಂದ ಒಂದು ಕೋಟ್ ಪ್ರೈಮರ್, ಒಂದು ಕೋಟ್ ಕಪ್ಪು. ಯು ಬೋಲ್ಟ್‌ಗಳಿಗೆ ಬಿಸಿ ಎಣ್ಣೆಯ ಸ್ನಾನ. ಫ್ಲೋರಿನ ತೂತಿಗೆ ಒಂದು ಬೋಲ್ಟು, ರಬ್ಬರ್ ವಾಷರ್ ಸಹಿತ.

ಈ ಆಗಸ್ಟ್‌ನಲ್ಲಿ ಮತ್ತೆ ಬಗ್ಗಿ ನೋಡಿದೆ. ಬಲಗಡೆ, ಎಡಗಡೆ ಎರಡೂ ಒಂದೇ ಥರ ಕೊಳಕಾಗಿವೆ, ಎಣ್ಣೆಗೆ ಕೆಸರು ಅಂಟಿ. ಪೈಪ್ ಹಿಡಿದೆ, ಕೆಸರು ಇಳಿಯಿತು, ಕಪ್ಪು ಹಾಗೇ ಇತ್ತು. ಡ್ರಮ್ಮು ಈಗ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೋಗುತ್ತದೆ. ಟ್ರೇಲರಿನ ಕಮಾನನ್ನು ನಾನು ಇನ್ನೂ ನೋಡಿಲ್ಲ.